ವೆಸ್ಟ್ ವರ್ಜೀನಿಯಾದ ಬೆಟ್ಟಗಳಲ್ಲಿ ನಾಲ್ಕು ದಿನ: ಎರಡು ಕ್ಯಾಮೆರಾ, ಅಮ್ಮನ ಮಂಡಿನೋವು, ಜನಜಂಗುಳಿ ಬೇಡ

ತಾಳಗುಪ್ಪದ ರೈಲು:
ಎಲ್ಲರಿಗೂ ನಮಸ್ಕಾರ. ನಾವಿರುವುದು ಒಹಾಯೊದ ಕೊಲಂಬಸ್‌ನಲ್ಲಿ. ಸಾಗರದಿಂದ ಅಪ್ಪ ಅಮ್ಮ ಬಂದಿದ್ದಾರೆ, ಚಳಿ ಬಲಿಯುವ ಮೊದಲು ಊರಿಗೆ ಹೊರಡುತ್ತಾರೆ. ಅಷ್ಟರೊಳಗೆ ಅಕ್ಟೋಬರ್‌ನಲ್ಲಿ ನಾಲ್ಕು ದಿನ ರಜೆ ಹಾಕಿ ಅಪಲೇಚಿಯನ್ ಬೆಟ್ಟಗಳ ಎಲೆಬಣ್ಣ ತೋರಿಸಬೇಕೆಂದಿದ್ದೇನೆ. ಟೆನೆಸಿ ಕಡೆಯ ಗ್ರೇಟ್ ಸ್ಮೋಕಿ ಬೆಟ್ಟಗಳನ್ನು ಹಿಂದೊಮ್ಮೆ ನೋಡಿಯಾಗಿದೆ. ಕೇಡ್ಸ್ ಕೋವ್‌ನ 11 ಮೈಲಿ ಸುತ್ತುರಸ್ತೆಯಲ್ಲಿ ಮುಂದಿನ ಕಾರಿನ ಕೆಂಪು ದೀಪ ನೋಡುತ್ತಲೇ ಅರ್ಧ ದಿನ ಕಳೆಯಿತು. ಕರಡಿ ಕಂಡಿತಂತೆ, ನಮಗಲ್ಲ, ನಮ್ಮ ಮುಂದಿನವರಿಗೆ. ಈ ಸಲ ವೆಸ್ಟ್ ವರ್ಜೀನಿಯಾದ ಒಳನಾಡು ಸಾಕು, ಸಣ್ಣ ಊರಿನಲ್ಲಿ ಉಳಿದುಕೊಂಡರೆ ಸಾಕು ಎನ್ನಿಸಿದೆ.

ಅಮ್ಮನಿಗೆ ಮಂಡಿನೋವು. ಸಮತಟ್ಟಾದ ದಾರಿಯಾದರೆ ಒಂದು ಮೈಲಿ ನಡೆಯುತ್ತಾರೆ, ಮೆಟ್ಟಿಲು ಆಗುವುದಿಲ್ಲ. ಅಪ್ಪ ನಿವೃತ್ತ ಮೇಷ್ಟರು. ಅವರ ಬಳಿ ಇನ್ನೂ ಫಿಲ್ಮ್ ಕ್ಯಾಮೆರಾ ಇದೆ, 36 ಫ್ರೇಮಿನ ಒಂದು ರೀಲನ್ನು ತಿಂಗಳುಗಟ್ಟಲೆ ಉಳಿಸುತ್ತಾರೆ. ನನ್ನದು ಡಿಜಿಟಲ್, ಟ್ರೈಪಾಡ್ ಇದೆ, ಜಲಪಾತಗಳ ಹುಚ್ಚು ಇದೆ. ಯಾವ ವಾರ ಹೋಗಬೇಕು, ಎಲ್ಲೆಲ್ಲಿಗೆ ಹೋಗಬೇಕು ಎಂದು ತಿಳಿದವರು ಹೇಳಿ. ಇನ್ನೊಂದು ಪ್ರಶ್ನೆ ಕೇಳಲು ಸಂಕೋಚವಾಗುತ್ತದೆ: ಸೀರೆ ಉಟ್ಟ ಅಮ್ಮನನ್ನು ಕರೆದುಕೊಂಡು ಅಷ್ಟು ಒಳಗಿನ ಹಳ್ಳಿಗಳಲ್ಲಿ ಇಳಿದರೆ ಅಲ್ಲಿನವರು ಹೇಗೆ ನೋಡುತ್ತಾರೆ?

ಮೂರುಕಾಲಿನ ಪಯಣಿಗ:
ಯಾವ ವಾರ ಎಂದು ಕೇಳುವ ಬದಲು ಎಷ್ಟು ಎತ್ತರ ಎಂದು ಕೇಳಿ. ಬಣ್ಣ ಬೆಟ್ಟದ ನೆತ್ತಿಯಲ್ಲಿ ಶುರುವಾಗಿ ದಿನದಿನಕ್ಕೆ ಕೆಳಗಿಳಿಯುತ್ತದೆ. ಸುಮಾರು 4,000 ಅಡಿ ಎತ್ತರದ ಡಾಲಿ ಸಾಡ್ಸ್ ಪ್ರಸ್ಥಭೂಮಿಯಲ್ಲಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲೇ ಬ್ಲೂಬೆರಿ ಪೊದೆಗಳು ರಕ್ತಗೆಂಪಾಗುತ್ತವೆ. ಅದರ ಹಿಂದೆಯೇ ಬ್ಲ್ಯಾಕ್‌ವಾಟರ್ ಕಣಿವೆ. ದಕ್ಷಿಣದ ನ್ಯೂ ರಿವರ್ ಕಮರಿಯ ಸರದಿ ಬರುವಾಗ ಅಕ್ಟೋಬರ್ ಮೂರನೆಯ, ನಾಲ್ಕನೆಯ ವಾರ. ಎರಡನ್ನೂ ಒಂದೇ ಪ್ರವಾಸದಲ್ಲಿ ಉತ್ತುಂಗದಲ್ಲಿ ಹಿಡಿಯುವುದು ಆಗದ ಮಾತು. ತಿಂಗಳ ಮಧ್ಯದಲ್ಲಿ ಹೋದರೆ ಮೇಲೆ ಎಲೆ ಉದುರುತ್ತಿರುತ್ತದೆ, ಕೆಳಗೆ ಹಸಿರು ಉಳಿದಿರುತ್ತದೆ, ಆದರೆ ಎರಡರ ನಡುವಿನ ರಸ್ತೆಯುದ್ದಕ್ಕೂ ಬಣ್ಣ ಸಿಗುತ್ತದೆ. ನಾನಾದರೆ ಅದನ್ನೇ ಆರಿಸಿಕೊಳ್ಳುತ್ತೇನೆ.

ಡೇವಿಸ್ ಎಂಬ ಊರಿನಲ್ಲಿ ಎರಡು ರಾತ್ರಿ ಇರಿ. ಪಕ್ಕದಲ್ಲೇ ಬ್ಲ್ಯಾಕ್‌ವಾಟರ್ ಜಲಪಾತ, 57 ಅಡಿ. ನೀರಿನ ಬಣ್ಣ ಚಹಾದ ಡಿಕಾಕ್ಷನ್ನಿನದು. ಹೆಮ್ಲಾಕ್ ಮತ್ತು ಕೆಂಪು ಸ್ಪ್ರೂಸ್ ಮರಗಳ ಸೂಜಿ ಎಲೆಗಳಿಂದ ಇಳಿಯುವ ಟ್ಯಾನಿನ್ ಅದಕ್ಕೆ ಕಾರಣ. ಬುಡಕ್ಕೆ ಇಳಿಯಲು ಇನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಅಮ್ಮನಿಗೆ ಬೇಡ. ಕಣಿವೆಯ ಎದುರು ದಂಡೆಯಲ್ಲಿ ಜೆಂಟಲ್ ಟ್ರೇಲ್ ಎಂಬ ಡಾಂಬರು ಹಾದಿ ಇದೆ. ಗಾಲಿಕುರ್ಚಿಯೂ ಹೋಗುತ್ತದೆ, ಜಲಪಾತ ಅಲ್ಲಿಂದ ಪೂರ್ತಿ ಕಾಣುತ್ತದೆ. ಸಂಜೆ ಲಿಂಡಿ ಪಾಯಿಂಟ್‌ಗೆ ಹೋಗಿ, ಅರ್ಧ ಮೈಲಿಗೂ ಕಡಿಮೆ ನಡಿಗೆ. ಬೇರುಗಳು, ಸ್ವಲ್ಪ ಕೆಸರು, ಕೋಲು ಹಿಡಿದರೆ ಸಾಕು. ಕಣಿವೆ ಪಶ್ಚಿಮಕ್ಕೆ ತೆರೆದುಕೊಳ್ಳುವುದರಿಂದ ಸೂರ್ಯ ಅದರ ಬಾಯಲ್ಲೇ ಮುಳುಗುತ್ತಾನೆ. ಸೂರ್ಯೋದಯಕ್ಕೆ ಡಾಲಿ ಸಾಡ್ಸ್‌ನ ಉತ್ತರ ತುದಿಯ ಬೇರ್ ರಾಕ್ಸ್. ಕಾರು ನಿಲ್ಲಿಸಿದ ಜಾಗದಿಂದ ಕೆಲವೇ ಹೆಜ್ಜೆ, ಪೂರ್ವಕ್ಕೆ ಅಲೆ ಅಲೆಯಾಗಿ ಬೆಟ್ಟಸಾಲು. ಗಾಳಿ ಮಾತ್ರ ಟ್ರೈಪಾಡನ್ನು ಎತ್ತಿ ಒಗೆಯುತ್ತದೆ, ನಡುಕಂಬಕ್ಕೆ ಚೀಲ ನೇತುಹಾಕಿ.

ಜಲಪಾತದ ಹುಚ್ಚು ಎಂದಿರಲ್ಲ, ಬ್ಲ್ಯಾಕ್‌ವಾಟರ್‌ನ ವಸತಿಗೃಹದ ಹತ್ತಿರವೇ ಎಲಕಲಾ ಎಂಬ ಪುಟ್ಟ ಜಲಪಾತ ಇದೆ. ಅದರ ಬುಡದ ಮಡುವಿನಲ್ಲಿ ನೊರೆ ಸುತ್ತುತ್ತಿರುತ್ತದೆ. ಬೆಳಕು ತಗ್ಗಿಸುವ ದಟ್ಟ ಎನ್‌ಡಿ ಫಿಲ್ಟರ್ ಹಾಕಿ ಶಟರನ್ನು ಹತ್ತಾರು ಸೆಕೆಂಡು ತೆರೆದಿಟ್ಟರೆ ಆ ನೊರೆ ಬಿಳಿ ಸುರುಳಿಯಾಗಿ ಮೂಡುತ್ತದೆ. ಇಳಿಯುವ ಕಡೆ ಕಲ್ಲು ಜಾರುತ್ತದೆ, ಅಪ್ಪನನ್ನು ಮೇಲೆಯೇ ನಿಲ್ಲಿಸಿ. ಪೋಲರೈಸರ್ ಫಿಲ್ಟರ್ ಅಂತೂ ಮರೆಯಬೇಡಿ. ಆಕಾಶ ನೀಲಿ ಮಾಡುವುದಕ್ಕಲ್ಲ (ಅಗಲದ ಲೆನ್ಸಿನಲ್ಲಿ ಹಾಗೆ ಮಾಡಿದರೆ ಆಕಾಶದ ಅರ್ಧ ಕಪ್ಪು, ಅರ್ಧ ಬಿಳಿಚಾಗುತ್ತದೆ), ಒದ್ದೆ ಎಲೆ ಮತ್ತು ಬಂಡೆಗಳ ಮೇಲಿನ ಬಿಳಿ ಹೊಳಪು ತೆಗೆಯುವುದಕ್ಕೆ. ಬಣ್ಣ ಆಗ ಹೊರಗೆ ಬರುತ್ತದೆ. ಮೋಡ ಕವಿದ ದಿನ ಬಂದರೆ ಬೇಸರಪಡಬೇಡಿ, ಅದು ಜಲಪಾತದ ದಿನ. ಶಟರ್ ವೇಗ ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನೊಳಗೆ ಇರಲಿ. ಎಲ್ಲವನ್ನೂ ಹಾಲಿನಂತೆ ನಯ ಮಾಡುವ ಚಾಳಿ ನನಗೆ ಹಿಡಿಸುವುದಿಲ್ಲ, ನೀರಿಗೆ ಎಳೆಗಳಿರಬೇಕು.

ಹಸಿರು ಕೊಡೆ:
ನಾನು ಪಿಟ್ಸ್‌ಬರ್ಗ್‌ನವಳು, ಡಾಲಿ ಸಾಡ್ಸ್‌ಗೆ ಒಬ್ಬಳೇ ಹೋಗುವ ಅಭ್ಯಾಸ. ಪಯಣಿಗರು ಹೇಳಿದ್ದರಲ್ಲಿ ಎರಡು ಬಿಟ್ಟುಹೋಗಿವೆ. ಮೇಲಿನ ರಸ್ತೆ ಜಲ್ಲಿಯದು, ಚಳಿಗಾಲದಲ್ಲಿ ಮುಚ್ಚುತ್ತಾರೆ, ವಾರಾಂತ್ಯದ ಬೆಳಿಗ್ಗೆ ಬೇರ್ ರಾಕ್ಸ್ ಬಳಿ ಕಾರುಗಳು ರಸ್ತೆಯ ಅಂಚಿಗೆ ಒತ್ತಿಕೊಂಡು ನಿಂತಿರುತ್ತವೆ. ಜನಜಂಗುಳಿ ಬೇಡವೆಂದಾದರೆ ಮಂಗಳವಾರವೋ ಬುಧವಾರವೋ ಹೋಗಿ.

ಎರಡನೆಯದು, ದಾರಿ ಬಿಟ್ಟು ಅಡ್ಡಾದಿಡ್ಡಿ ನಡೆಯಬೇಡಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943-44ರಲ್ಲಿ, ಸೈನ್ಯ ಅಲ್ಲಿ ಫಿರಂಗಿ ಮತ್ತು ಮಾರ್ಟರ್ ತರಬೇತಿ ನಡೆಸಿತು. ಸಿಡಿಯದೆ ಉಳಿದ ಶೆಲ್‌ಗಳು ಈಗಲೂ ಇರಬಹುದೆಂದು ದಾರಿಯ ಆರಂಭದಲ್ಲೇ ಫಲಕ ಹಾಕಿದ್ದಾರೆ. ಕಬ್ಬಿಣದ ತುಂಡು ಕಂಡರೆ ಮುಟ್ಟುವುದು ಬೇಡ. 1975ರಿಂದ ಅದು ಸಂರಕ್ಷಿತ ವನ್ಯಪ್ರದೇಶ. ಒಳಗೆ ದಾರಿಗುರುತುಗಳು ವಿರಳ, ಮರಕ್ಕೆ ಬಣ್ಣದ ಪಟ್ಟೆ ಬಳಿದಿರುವುದಿಲ್ಲ. ಮಂಜು ಇಳಿದರೆ ಕೈಕಾಲು ಆಡದ ಹಾಗಾಗುತ್ತದೆ. ಕಾಗದದ ನಕ್ಷೆ ಇರಲಿ.

ಅದನ್ನು ನೋಡಿದವರು 'ಮನುಷ್ಯ ಮುಟ್ಟದ ಜಾಗ' ಎಂದು ಬರೆದುಕೊಳ್ಳುತ್ತಾರೆ. ನಗು ಬರುತ್ತದೆ. ಅಲ್ಲಿ ದೈತ್ಯ ಸ್ಪ್ರೂಸ್ ಕಾಡಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆ, ಇಪ್ಪತ್ತನೆಯದರ ಆದಿಯಲ್ಲಿ ಮರದ ಕಂಪನಿಗಳು ರೈಲುಹಳಿ ಹಾಕಿಕೊಂಡು ಬಂದು ಪೂರ್ತಿ ಕಡಿದವು. ಬಿಟ್ಟುಹೋದ ಕೊಂಬೆಗಳಿಗೆ ಬೆಂಕಿ ಬಿದ್ದು ಮಣ್ಣೂ ಉರಿದುಹೋಯಿತು, ಎಷ್ಟೋ ಕಡೆ ಬಂಡೆ ಮಾತ್ರ ಉಳಿಯಿತು. ನಾವು ಫೋಟೋ ತೆಗೆಯುವ ಆ ಬಯಲು, ಆ ಬೋಳು ಬಂಡೆ ಬಹುಪಾಲು ಹೀಗೆ ಹುಟ್ಟಿದ್ದು. ಗಾಳಿಯ ಹೊಡೆತಕ್ಕೆ ಒಂದೇ ಪಕ್ಕದಲ್ಲಿ ಕೊಂಬೆ ಉಳಿಸಿಕೊಂಡು ನಿಂತ ಸ್ಪ್ರೂಸ್ ಮರಗಳು ಮತ್ತೆ ಬರುತ್ತಿರುವ ಕಾಡು.

ಷಾರ್ಲಟ್ ಚಾರಣಿಗ:
ನಾರ್ತ್ ಕ್ಯಾರೊಲಿನಾ ಕಡೆ ಬನ್ನಿ ಎನ್ನೋಣವೆಂದಿದ್ದೆ, ಕೊಲಂಬಸ್‌ನಿಂದ ದೂರವಾಯಿತು. ಮುಂದೆಂದಾದರೂ ಬರುವುದಾದರೆ ಬ್ಲೂ ರಿಡ್ಜ್ ಪಾರ್ಕ್‌ವೇಯ 469 ಮೈಲಿಗಳಲ್ಲಿ ಯಾವ ಭಾಗ ತೆರೆದಿದೆ ಎಂದು ಮೊದಲು ನೋಡಿಕೊಳ್ಳಿ. 2024ರ ಸೆಪ್ಟೆಂಬರ್ ಕೊನೆಯ ಹೆಲೀನ್ ಚಂಡಮಾರುತ ಈ ಭಾಗದ ರಸ್ತೆಗಳನ್ನು ಕೊಚ್ಚಿಕೊಂಡು ಹೋಗಿತ್ತು. ಜೂನ್ ಮಧ್ಯದ ನಂತರ ರೋನ್ ಬೆಟ್ಟದ ಮೇಲೆ ನೇರಳೆ ರೋಡೊಡೆಂಡ್ರಾನ್ ಅರಳುತ್ತದೆ, ಅದೊಂದಕ್ಕೆ ಬರಬಹುದು. ಮ್ಯಾಕ್ಸ್ ಪ್ಯಾಚ್ ಬೋಳುಬೆಟ್ಟದ ಬಗ್ಗೆ ಎಲ್ಲರೂ ಹೇಳುತ್ತಾರೆ. ಅಂತರ್ಜಾಲದಲ್ಲಿ ಫೋಟೋ ಹರಿದಾಡಿದ ಮೇಲೆ 2020ರಲ್ಲಿ ಡೇರೆಗಳ ಸಂತೆಯೇ ನೆರೆಯಿತು, ಮರುವರ್ಷ ಅರಣ್ಯ ಇಲಾಖೆ ಅಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು. ಆಮೇಲೆ ನಾನು ಫೋಟೋ ಹಾಕುವಾಗ ಊರಿನ ಹೆಸರು ಹಾಕುವುದನ್ನು ಬಿಟ್ಟಿದ್ದೇನೆ.

ಕಲ್ಲಿದ್ದಲೂರಿನ ಡಾಕ್ಟರ್:
ಸೀರೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ನಾನು ದಕ್ಷಿಣ ವೆಸ್ಟ್ ವರ್ಜೀನಿಯಾದ ಒಂದು ಸಣ್ಣ ಊರಿನಲ್ಲಿ ಬಹುಕಾಲದಿಂದ ವೈದ್ಯನಾಗಿದ್ದೇನೆ. ವೈದ್ಯರ ಕೊರತೆ ಇರುವ ಕಡೆ ಕೆಲಸ ಮಾಡಿದರೆ ವಿದೇಶಿ ವೈದ್ಯರು ಈ ದೇಶದಲ್ಲೇ ಉಳಿಯಬಹುದು ಎಂಬ ವೀಸಾ ನಿಯಮ ಇದೆ. ಅದರಿಂದಾಗಿ ಗಣಿ ಸೀಮೆಯ ಆಸ್ಪತ್ರೆಗಳಲ್ಲಿ ಭಾರತದ, ಪಾಕಿಸ್ತಾನದ, ಫಿಲಿಪ್ಪೀನ್ಸ್‌ನ ವೈದ್ಯರು ಬಹಳ. ಇಲ್ಲಿನ ಅಜ್ಜಿಯರಿಗೆ ನಮ್ಮ ಮುಖ ಹೊಸದಲ್ಲ. ನಿಮ್ಮ ತಾಯಿಯನ್ನು ಪೆಟ್ರೋಲ್ ಬಂಕಿನಲ್ಲಿ ಯಾರಾದರೂ ತಡೆದು ನಿಲ್ಲಿಸಿದರೆ, ಬಹುಮಟ್ಟಿಗೆ ಅದು ಸೀರೆಯ ಬಟ್ಟೆ ಚೆನ್ನಾಗಿದೆ ಎನ್ನುವುದಕ್ಕೆ, ಆಮೇಲೆ ಅವರ ಮೊಮ್ಮಕ್ಕಳ ಕಥೆಗೆ. ಎದುರಿನಿಂದ ಬರುವ ಗಾಡಿಯವರು ಸ್ಟೀರಿಂಗ್ ಮೇಲಿಂದ ಎರಡು ಬೆರಳು ಎತ್ತುತ್ತಾರೆ, ನೀವೂ ಎತ್ತಿ.

ನೋಡುವ ನೋಟ ಬದಲಾಗುವುದು ಕ್ಯಾಮೆರಾ ಹೊರಬಂದಾಗ, ಅದೂ ಮನೆಗಳ ಕಡೆ ತಿರುಗಿದಾಗ. 1964ರಲ್ಲಿ ಅಧ್ಯಕ್ಷ ಜಾನ್ಸನ್ ಬಡತನದ ವಿರುದ್ಧ ಸಮರ ಸಾರಿ ಕೆಂಟಕಿಯ ಮಾರ್ಟಿನ್ ಕೌಂಟಿಯ ಒಂದು ಮನೆಯ ಜಗಲಿಯ ಮೇಲೆ ಕುಳಿತರು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಟಿ.ವಿ.ಯವರೂ ಪತ್ರಿಕೆಯವರೂ ಬಂದು ಮುರಿದ ಜಗಲಿ, ಮಸಿ ಮೆತ್ತಿದ ಮಕ್ಕಳು, ಅಷ್ಟನ್ನೇ ಹೊತ್ತುಕೊಂಡು ಹೋದರು. 1967ರಲ್ಲಿ ಕೆಂಟಕಿಯ ಲೆಚರ್ ಕೌಂಟಿಯ ಜೆರೆಮಾಯಾ ಎಂಬಲ್ಲಿ ಕೆನಡಾದ ಚಿತ್ರನಿರ್ಮಾಪಕ ಹ್ಯೂ ಓಕಾನರ್ ಒಬ್ಬ ಗಣಿ ಕಾರ್ಮಿಕನನ್ನು ಅವನ ಬಾಡಿಗೆ ಮನೆಯ ಮುಂದೆ ಚಿತ್ರೀಕರಿಸುತ್ತಿದ್ದರು. ಕಾರ್ಮಿಕ ಒಪ್ಪಿದ್ದ. ಜಮೀನಿನ ಯಜಮಾನ ಬಂದೂಕು ಹಿಡಿದು ಬಂದು ಹೊರಡಿ ಎಂದ, ಅವರು ಸಲಕರಣೆ ಹೊತ್ತು ಹೊರಡುತ್ತಿದ್ದಂತೆ ಗುಂಡು ಹೊಡೆದ, ಓಕಾನರ್ ಸತ್ತರು. ಮೊದಲ ವಿಚಾರಣೆಯಲ್ಲಿ ಪಂಚರು ಒಮ್ಮತಕ್ಕೆ ಬರಲಿಲ್ಲ. ಊರಿನ ಬಹಳ ಜನರ ಅನುಕಂಪ ಕೊಂದವನ ಕಡೆಗೇ ಇತ್ತು. ಹೆದರಿಸಲು ಹೇಳುತ್ತಿಲ್ಲ, ಕಾಲ ಬದಲಾಗಿದೆ. ಆದರೆ ಆ ಸಿಟ್ಟು ಎಲ್ಲಿಂದ ಬಂತು ಎಂಬುದು ಇಲ್ಲಿ ಕ್ಯಾಮೆರಾ ಹಿಡಿದು ಬರುವವರಿಗೆ ಗೊತ್ತಿರಬೇಕು.

ಬೀಳುತ್ತಿರುವ ಕೊಟ್ಟಿಗೆ, ತುಕ್ಕು ಹಿಡಿದ ಲಾರಿ ಚೆಂದ ಕಾಣುತ್ತವೆ ಎಂದು ಅಂಗಳಕ್ಕೆ ಕಾಲಿಡಬೇಡಿ. ಮನೆಯವರಿದ್ದರೆ ಕೇಳಿ, ಕೇಳಿದರೆ ಬೇಡ ಎಂದವರನ್ನು ನಾನು ಕಂಡಿದ್ದು ಕಡಿಮೆ. ಇಲ್ಲಿ ಮರದ ಕಾಂಡಕ್ಕೆ ನೇರಳೆ ಬಣ್ಣ ಬಳಿದಿದ್ದರೆ 'ಒಳಗೆ ಬರಕೂಡದು' ಎಂಬ ಫಲಕಕ್ಕೆ ಕಾನೂನಿನಲ್ಲಿರುವ ಬೆಲೆಯೇ ಅದಕ್ಕೂ ಇದೆ. ಮನೆತನದ ಸಣ್ಣ ಸ್ಮಶಾನಗಳು ಗುಡ್ಡದ ನೆತ್ತಿಯಲ್ಲಿರುತ್ತವೆ, ಬೆಳಕು ಸೊಗಸಾಗಿ ಬೀಳುತ್ತದೆ, ಆದರೂ ದೂರದಿಂದಲೇ ನೋಡಿ.

ಎಲೆ ಅಡಿಕೆ:
ಡಾಕ್ಟರ್ ಸಾಹೇಬರೇ, ಕೇಳಿದ್ದು ನಾಲ್ಕು ದಿನದ ಪ್ರವಾಸ. ಒಬ್ಬರು ಶೆಲ್ ಎನ್ನುತ್ತಾರೆ, ನೀವು ಗುಂಡೇಟು ಎನ್ನುತ್ತೀರಿ. ವಯಸ್ಸಾದ ತಂದೆತಾಯಿಗೆ ನಾಲ್ಕು ಒಳ್ಳೆಯ ನೋಟ ತೋರಿಸಿ ಕರೆದುಕೊಂಡು ಬರಲಿ ಬಿಡಿ.

ಕಲ್ಲಿದ್ದಲೂರಿನ ಡಾಕ್ಟರ್:
ನೋಟಕ್ಕೇ ಬರುತ್ತೇನೆ. ದಕ್ಷಿಣದಲ್ಲಿ ಎರಡು ರಾತ್ರಿ ಫೆಯೆಟ್‌ವಿಲ್‌ನಲ್ಲಿ ಇರಿ. ನ್ಯೂ ರಿವರ್ ಕಮರಿ 2020ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಪ್ರವೇಶ ಶುಲ್ಕ ಇಲ್ಲ. ತಾಯಿಯವರಿಗೆ ಗ್ರ್ಯಾಂಡ್‌ವ್ಯೂ: ಕಾರಿನಿಂದ ನಾಲ್ಕು ಹೆಜ್ಜೆಗೆ ನದಿಯ ದೊಡ್ಡ ತಿರುವು 1,400 ಅಡಿ ಕೆಳಗೆ. ಆಮೇಲೆ ಸ್ಯಾಂಡ್‌ಸ್ಟೋನ್ ಜಲಪಾತ, ಹಿಂಟನ್ ಊರಿನಿಂದ ನದಿ ಪಕ್ಕದ ರಸ್ತೆ. ಎತ್ತರ ಹೆಚ್ಚಿಲ್ಲ, ಆದರೆ ನದಿಯ ಅಗಲಕ್ಕೆ, ಸುಮಾರು 1,500 ಅಡಿ, ಹರಡಿಕೊಂಡು ಬೀಳುತ್ತದೆ. ಸಮತಟ್ಟಾದ ಹಲಗೆ ಹಾದಿ ಇದೆ. ನೀವೂ ತಂದೆಯವರೂ ಲಾಂಗ್ ಪಾಯಿಂಟ್‌ಗೆ ನಡೆಯಿರಿ, ಹೋಗುವುದು 1.6 ಮೈಲಿ. ಕೊನೆಯಲ್ಲಿ ಒಂದು ಬಂಡೆಯ ಮೂಗು, ಎದುರಿಗೆ ಕಮರಿಯನ್ನು ದಾಟುವ ನ್ಯೂ ರಿವರ್ ಸೇತುವೆ ಇಡಿಯಾಗಿ. 1977ರಲ್ಲಿ ಕಟ್ಟಿ ಮುಗಿಸಿದ್ದು, ನದಿಯಿಂದ 876 ಅಡಿ ಎತ್ತರ, ಉಕ್ಕಿನ ಒಂದೇ ಕಮಾನು 1,700 ಅಡಿ. ಬಂಡೆಗೆ ಕಟಕಟೆ ಇಲ್ಲ. ಶರತ್ಕಾಲದ ಚಳಿ ರಾತ್ರಿಗಳ ನಂತರ ಕಮರಿಯ ತುಂಬ ಮಂಜು ನಿಂತಿರುತ್ತದೆ, ಬೆಳಿಗ್ಗೆ ಅದು ಕರಗುವ ಹೊತ್ತಿಗೆ ಅಲ್ಲಿರಿ.

ಅಲ್ಲಿಂದ ಉತ್ತರಕ್ಕೆ ಆನ್‌ಸ್ಟೆಡ್ ಎಂಬ ಊರಿನ ಬಳಿ ಹಾಕ್ಸ್ ನೆಸ್ಟ್ ಎಂಬ ವೀಕ್ಷಣಾ ಸ್ಥಳ ಇದೆ. ಎಲ್ಲರೂ ಹೋಗುತ್ತಾರೆ. ಕೆಳಗೆ ಶಾಂತವಾದ ಸರೋವರ, ರೈಲು ಸೇತುವೆ, ಸುತ್ತ ಬಣ್ಣದ ಬೆಟ್ಟ. ಅಣೆಕಟ್ಟಿನ ಕೆಳಗೆ ನದಿಪಾತ್ರ ಏಕೆ ಬಂಡೆಗಳ ರಾಶಿಯಾಗಿ ಒಣಗಿದೆ ಎಂದು ಫೋಟೋ ತೆಗೆಯುವವರು ಕೇಳುತ್ತಾರೆ. ನೀರು ಬೆಟ್ಟದೊಳಗಿನ ಮೂರು ಮೈಲಿ ಸುರಂಗದಲ್ಲಿ ಹೋಗುತ್ತದೆ. 1930ರಲ್ಲಿ ಆ ಸುರಂಗ ಕೊರೆಯಲು ಶುರುಮಾಡಿದರು. ಬಂಡೆಯಲ್ಲಿ ಸಿಲಿಕಾ ತುಂಬಿತ್ತು, ದೂಳು ತಗ್ಗಿಸಲು ನೀರು ಹಾಯಿಸದೆ ಒಣ ಕಲ್ಲನ್ನೇ ಕೊರೆಸಿದರು, ಮುಖಗವಸು ಕೊಡಲಿಲ್ಲ. ಕೆಲಸಗಾರರಲ್ಲಿ ಹೆಚ್ಚಿನವರು ದಕ್ಷಿಣದ ರಾಜ್ಯಗಳಿಂದ ಕೂಲಿ ಹುಡುಕಿಕೊಂಡು ಬಂದ ಕಪ್ಪು ಜನ. ಶ್ವಾಸಕೋಶ ಕಲ್ಲಾಗಿ ಸತ್ತರು. ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಬಂದ ಲೆಕ್ಕ 476, ಆಮೇಲೆ ಸಾಂಕ್ರಾಮಿಕ ರೋಗಶಾಸ್ತ್ರಜ್ಞರೊಬ್ಬರು ಹಾಕಿದ ಅಂದಾಜು 764. ಸುರಂಗದ ವಿದ್ಯುತ್ತು ಹೋಗಿದ್ದು ಯೂನಿಯನ್ ಕಾರ್ಬೈಡ್ ಕಂಪನಿಯ ಲೋಹ ಕಾರ್ಖಾನೆಗೆ. 1984ರ ಭೋಪಾಲ್ ನಮಗೆಲ್ಲ ನೆನಪಿದೆ. ಅದರ ಅರ್ಧ ಶತಮಾನ ಮೊದಲು ಇದೇ ಕಂಪನಿಯ ಯೋಜನೆಗೆ ಈ ಬೆಟ್ಟದಲ್ಲಿ ನಡೆದದ್ದು ಎಷ್ಟು ಜನ ಭಾರತೀಯರಿಗೆ ಗೊತ್ತಿದೆ? ಹೆದ್ದಾರಿ 19ನ್ನು ಅಗಲ ಮಾಡುವಾಗ ಆ ಕಾರ್ಮಿಕರ ಗೋರಿಗಳು ಸಿಕ್ಕವು, ಅವನ್ನು ಬೇರೆಡೆಗೆ ಸಾಗಿಸಿದರು. ಸಮ್ಮರ್ಸ್‌ವಿಲ್ ಹತ್ತಿರ ಸ್ಮಾರಕ ಇದೆ. ಅದೇ ಹೆದ್ದಾರಿಯಲ್ಲಿ ನೀವು ಓಡಾಡುತ್ತೀರಿ.

ಹಾಕ್ಸ್ ನೆಸ್ಟ್‌ಗೆ ಹೋಗಬೇಡಿ ಎನ್ನುತ್ತಿಲ್ಲ. ಹೋಗಿ, ಫೋಟೋ ತೆಗೆಯಿರಿ, ಒಣ ನದಿಯನ್ನು ಚೌಕಟ್ಟಿನಿಂದ ಕತ್ತರಿಸಬೇಡಿ ಅಷ್ಟೇ.

ಎಲೆ ಅಡಿಕೆ:
ಸಂಗತಿ ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ಧನ್ಯವಾದ. ಆದರೂ ನನ್ನ ಮಾತು ಬದಲಾಗುವುದಿಲ್ಲ. ಭೂಮಿಯ ಮೇಲೆ ರಕ್ತ ಬೀಳದ ಜಾಗ ಯಾವುದಿದೆ? ಪ್ರತಿ ಎಲೆಯ ಹಿಂದೆ ಒಂದು ಗೋರಿ ಹುಡುಕುತ್ತ ಹೋದರೆ ಕಣ್ಣಿಗೆ ಎಲೆ ಕಾಣುವುದಿಲ್ಲ. ಇಲ್ಲಿನವರನ್ನು ಬರೀ ದುಃಖಿಗಳಾಗಿ ತೋರಿಸಿದರು ಎಂದು 1964ರ ಕ್ಯಾಮೆರಾಗಳನ್ನು ನೀವೇ ಬೈದಿರಿ, ಈಗ ಬೆಟ್ಟಗಳನ್ನೂ ದುಃಖಿಗಳನ್ನಾಗಿ ಮಾಡುತ್ತಿದ್ದೀರಿ.

ಹಸಿರು ಕೊಡೆ:
ಎಲೆ ಅಡಿಕೆಯವರ ಕೊನೆಯ ವಾಕ್ಯದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಇದು ನೋಡುವ ಕೌಶಲದ ವಿಷಯವೂ ಹೌದು. ಡೇವಿಸ್ ಪಕ್ಕದ ಥಾಮಸ್ ಊರಿನಿಂದ ಹಳೆಯ ರೈಲು ದಾರಿ ಹಿಡಿದು ಇಳಿದರೆ ಹಿಂದೆ ಕಲ್ಲಿದ್ದಲನ್ನು ಸುಟ್ಟು ಕೋಕ್ ಮಾಡುತ್ತಿದ್ದ ಒಲೆಗಳ ಸಾಲು ಸಿಗುತ್ತದೆ, ಕಲ್ಲಿನ ಕಮಾನು ಬಾಯಿಗಳು, ಒಳಗೆ ಜರೀಗಿಡ. ಮುಂದೆ ಡಗ್ಲಸ್ ಜಲಪಾತ. ಅದರ ಬಂಡೆಗಳು ಕಡು ಕಿತ್ತಳೆ ಬಣ್ಣ, ನೀರು ಹಸಿರು ನೀಲಿ. ಸಾಮಾಜಿಕ ಜಾಲತಾಣಗಳಲ್ಲಿ ಅದರ ಫೋಟೋಗೆ 'ಪ್ರಕೃತಿಯ ಕುಂಚ' ಎಂಬ ಶೀರ್ಷಿಕೆ ಕಂಡಿದ್ದೇನೆ. ಅದು ಕುಂಚವಲ್ಲ, ಮುಚ್ಚಿದ ಗಣಿಗಳಿಂದ ಸೋರುವ ಆಮ್ಲದ ನೀರು. ಗಂಧಕ ಇರುವ ಕಲ್ಲಿಗೆ ಗಾಳಿ, ನೀರು ತಗುಲಿ ಆಮ್ಲವಾಗುತ್ತದೆ, ಕಬ್ಬಿಣ ಕರಗಿ ಬಂದು ಬಂಡೆಯ ಮೇಲೆ ತುಕ್ಕಾಗಿ ಕೂರುತ್ತದೆ. ಗೊತ್ತಿಲ್ಲದಿದ್ದರೆ ಫೋಟೋ ಸಂಸ್ಕರಿಸುವಾಗ ಕಿತ್ತಳೆಯನ್ನು ಇನ್ನಷ್ಟು ಎಳೆಯುತ್ತೀರಿ. ಗೊತ್ತಿದ್ದರೆ ಎಲ್ಲಿ ನಿಲ್ಲಿಸಬೇಕು ಎಂಬುದೂ ಗೊತ್ತಾಗುತ್ತದೆ.

ಮೂರುಕಾಲಿನ ಪಯಣಿಗ:
ಡಗ್ಲಸ್ ಜಲಪಾತದ ಫೋಟೋ ನನ್ನ ಗೋಡೆಯ ಮೇಲಿದೆ, ಕೆಳಗಿಳಿಸುವುದಿಲ್ಲ. ಕಾರಣ ಏನೇ ಇರಲಿ, ಬಣ್ಣ ಬಣ್ಣವೇ. ಶೀರ್ಷಿಕೆಯಲ್ಲಿ ನಿಜ ಬರೆದರಾಯಿತು.

ಕಾಡಿನಲ್ಲಿ ಬೂದುಬಣ್ಣದ ಸತ್ತ ಕಾಂಡಗಳು ಅಲ್ಲಲ್ಲಿ ಚೌಕಟ್ಟಿನೊಳಗೆ ಬರುತ್ತವೆ. ಅವು ಬಹಳ ಕಡೆ ಹೆಮ್ಲಾಕ್. ಏಷ್ಯಾದಿಂದ ಬಂದ ಒಂದು ಸಣ್ಣ ಕೀಟ, ಕೊಂಬೆಯ ಅಡಿಯಲ್ಲಿ ಹತ್ತಿಯ ಹಾಗೆ ಮೆತ್ತಿಕೊಂಡಿರುತ್ತದೆ, ಮರದ ರಸ ಹೀರಿ ಕೊಲ್ಲುತ್ತದೆ. ಫೋಟೋದಿಂದ ಆ ಕಾಂಡಗಳನ್ನು ಅಳಿಸುವ ಚಟ ನನ್ನ ಬಳಗದಲ್ಲಿ ಬಹಳ ಜನಕ್ಕಿದೆ. ನಾನು ಉಳಿಸುತ್ತೇನೆ, ಇಷ್ಟಕ್ಕೂ ಮಂಜಿನಲ್ಲಿ ಅವೇ ಚೆನ್ನ.

ಬಾಬ್‌ಕಾಕ್ ರಾಜ್ಯ ಉದ್ಯಾನದ ಹಿಟ್ಟಿನ ಗಿರಣಿಯನ್ನು ಯಾರೂ ಹೇಳಲಿಲ್ಲ. ಫೆಯೆಟ್‌ವಿಲ್‌ನಿಂದ ಹತ್ತಿರ. ತೊರೆಯ ಪಕ್ಕ ಮರದ ಗಿರಣಿ, ನೀರಿನ ಚಕ್ರ, ಸುತ್ತ ಬಣ್ಣದ ಕಾಡು. ಕ್ಯಾಲೆಂಡರುಗಳಲ್ಲಿ ನೋಡಿಯೇ ಇರುತ್ತೀರಿ. ನೂರು ವರ್ಷ ಹಳೆಯದೆಂದು ನಂಬಿ ಬರುತ್ತಾರೆ. ಅದನ್ನು 1976ರಲ್ಲಿ ಬೇರೆ ಬೇರೆ ಮೂರು ಹಳೆಯ ಗಿರಣಿಗಳ ಭಾಗಗಳನ್ನು ಕೂಡಿಸಿ ಕಟ್ಟಿದ್ದು. ಅಕ್ಟೋಬರ್ ಬೆಳಿಗ್ಗೆ ಅಲ್ಲಿ ಟ್ರೈಪಾಡುಗಳ ಸಾಲೇ ನಿಂತಿರುತ್ತದೆ. ಅಮ್ಮನಿಗೆ ನಡಿಗೆಯೇ ಇಲ್ಲ, ಆದ್ದರಿಂದ ಹೋಗಿ. ಇನ್ನು ಡ್ರೋನ್ ಇದ್ದರೆ ಮನೆಯಲ್ಲೇ ಬಿಡಿ, ರಾಷ್ಟ್ರೀಯ ಉದ್ಯಾನಗಳಲ್ಲಿ ಹಾರಿಸುವಂತಿಲ್ಲ.

ತಾಳಗುಪ್ಪದ ರೈಲು:
ಇಷ್ಟು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಹಾಕ್ಸ್ ನೆಸ್ಟ್ ವಿಷಯವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಒಣ ನದಿಯನ್ನೇ ನೋಡಬೇಕು ಎಂದು ಹಟ ಹಿಡಿದಿದ್ದಾರೆ. ಅಮ್ಮ ಎಲೆ ಅಡಿಕೆಯವರ ಪಕ್ಷ. ಮನೆಯಲ್ಲೇ ಚರ್ಚೆ ಮುಂದುವರಿದಿದೆ.

ಡೇವಿಸ್‌ನಿಂದ ಫೆಯೆಟ್‌ವಿಲ್‌ಗೆ ಒಂದು ಪೂರ್ತಿ ಹಗಲು ಇಟ್ಟುಕೊಂಡಿದ್ದೇವೆ. ದಾರಿಯಲ್ಲಿ ಏನಿದೆ? ಮೊಬೈಲ್ ಸಿಗುವುದಿಲ್ಲವೆಂದು ಯಾರೋ ಹೇಳಿದರು. ಊಟದ ವಿಷಯವೂ ಹೇಳಿ, ಅಪ್ಪ ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ.

ಹಸಿರು ಕೊಡೆ:
ರಸ್ತೆ 28 ಹಿಡಿದು ದಕ್ಷಿಣಕ್ಕೆ ಬನ್ನಿ. ಮೊದಲು ಸೆನೆಕಾ ರಾಕ್ಸ್, ನೆಲದಿಂದ ಸುಮಾರು 900 ಅಡಿ ನೆಟ್ಟಗೆ ಎದ್ದ ಬಂಡೆಯ ಹಲಗೆ, ತಪ್ಪಲಿನಿಂದಲೇ ಫೋಟೋ ಸಿಗುತ್ತದೆ, ಹತ್ತಬೇಕಿಲ್ಲ. ಆಮೇಲೆ ಸ್ಪ್ರೂಸ್ ನಾಬ್, ರಾಜ್ಯದ ಅತಿ ಎತ್ತರದ ಜಾಗ, 4,863 ಅಡಿ, ನೆತ್ತಿಯವರೆಗೂ ಕಾರು ಹೋಗುತ್ತದೆ. ಅಲ್ಲಿನ ಅರ್ಧ ಮೈಲಿ ಸುತ್ತುದಾರಿಯನ್ನು ಅಮ್ಮ ನಡೆಯಬಹುದು.

ಮುಂದೆ ಗ್ರೀನ್ ಬ್ಯಾಂಕ್ ಸಿಗುತ್ತದೆ. ನಿಮ್ಮ ಅಪ್ಪನಿಗಾಗಿಯೇ ಇಟ್ಟ ಊರು ಅದು. 485 ಅಡಿ ಎತ್ತರದ ರೇಡಿಯೋ ದೂರದರ್ಶಕ ಇದೆ. ಅಲ್ಲಿನ ವೀಕ್ಷಣಾಲಯದ ಕಿವಿಗೆ ಗದ್ದಲ ಬೀಳದಿರಲೆಂದು 1958ರಲ್ಲಿ ಸುತ್ತಲಿನ 13,000 ಚದರ ಮೈಲಿಯನ್ನು ರೇಡಿಯೋ ಮೌನ ವಲಯವೆಂದು ಘೋಷಿಸಿದರು. ಮೊಬೈಲ್ ಸಿಗದಿರುವುದಕ್ಕೆ ಅದೂ ಒಂದು ಕಾರಣ. ದೂರದರ್ಶಕದ ಹತ್ತಿರಕ್ಕೆ ಕರೆದೊಯ್ಯುವಾಗ ಡಿಜಿಟಲ್ ಕ್ಯಾಮೆರಾ ಒಯ್ಯಲು ಬಿಡುವುದಿಲ್ಲ, ಅದರ ವಿದ್ಯುತ್ ತರಂಗಗಳೂ ಅಡ್ಡಿ. ಫಿಲ್ಮ್ ಕ್ಯಾಮೆರಾಗೆ ಅನುಮತಿ ಇದೆ. ನೀವು ಸುಮ್ಮನೆ ನಿಲ್ಲಬೇಕು, ಮೇಷ್ಟರು ತೆಗೆಯುತ್ತಾರೆ. ಹೊರಡುವ ಮೊದಲು ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ, ಪೆಟ್ರೋಲ್ ಅರ್ಧಕ್ಕೆ ಇಳಿದಾಗಲೇ ತುಂಬಿಸಿ.

ಕಲ್ಲಿದ್ದಲೂರಿನ ಡಾಕ್ಟರ್:
ಊಟ: ಸಣ್ಣ ಹೋಟೆಲುಗಳಲ್ಲಿ ಬೀನ್ಸ್ ಸಾರು ಮತ್ತು ಮೆಕ್ಕೆಜೋಳದ ಬ್ರೆಡ್ಡು ಸಿಗುತ್ತದೆ, ನೋಡಿದರೆ ಶುದ್ಧ ಸಸ್ಯಾಹಾರ. ಆದರೆ ಬೀನ್ಸನ್ನು ಹಂದಿ ಮೂಳೆ ಹಾಕಿ ಬೇಯಿಸುವುದು ವಾಡಿಕೆ, ಹಸಿರು ಬೀನ್ಸ್ ಪಲ್ಯಕ್ಕೂ ಬೇಕನ್ ಬಿದ್ದಿರುತ್ತದೆ. ಜೋಳದ ಬ್ರೆಡ್ಡಿಗೂ ಮೊಟ್ಟೆ ಹಾಕುತ್ತಾರೆ. ಕೇಳಿದರೆ ಸತ್ಯ ಹೇಳುತ್ತಾರೆ, ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಅವಲಕ್ಕಿ, ಚಟ್ನಿಪುಡಿ, ಒಂದು ಸಣ್ಣ ಕುಕ್ಕರ್ ತನ್ನಿ, ಅಡುಗೆಮನೆ ಇರುವ ಕೊಠಡಿ ಹಿಡಿಯಿರಿ.

ಉಣುಗು: ಕ್ಯಾಸನೂರು ಸೀಮೆಯ ಪಕ್ಕದವರಿಗೆ, ಮಂಗನ ಕಾಯಿಲೆ ಕಂಡವರಿಗೆ, ಉಣುಗಿನ ಬಗ್ಗೆ ಪಾಠ ಬೇಕಿಲ್ಲ. ಇಲ್ಲಿ ಅದು ತರುವುದು ಲೈಮ್ ಕಾಯಿಲೆ. ಚಳಿ ಬಂತೆಂದು ಮೈಮರೆಯಬೇಡಿ, ಬೆಳೆದ ಉಣುಗು ಅಕ್ಟೋಬರ್, ನವೆಂಬರ್‌ನಲ್ಲೇ ಚುರುಕು. ಪ್ಯಾಂಟಿನ ತುದಿ ಕಾಲುಚೀಲದೊಳಗಿರಲಿ, ಬಟ್ಟೆಗೆ ಪರ್ಮೆತ್ರಿನ್ ಎಂಬ ಕೀಟನಾಶಕ ಸಿಂಪಡಿಸಿ. ಸೀರೆಯ ಅಂಚು ಹುಲ್ಲಿಗೆ ತಾಗುತ್ತದೆ, ಕಾಡಿನ ಹಾದಿಗೆ ಅಮ್ಮನಿಗೆ ಸಲ್ವಾರ್ ಆದರೆ ಒಳ್ಳೆಯದು. ರಾತ್ರಿ ಸ್ನಾನದ ಹೊತ್ತಿಗೆ ಕಂಕುಳು, ಮಂಡಿಯ ಹಿಂಭಾಗ, ಕೂದಲ ಬುಡ ನೋಡಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಎಣ್ಣೆ, ಬೆಂಕಿಕಡ್ಡಿ ಎಲ್ಲ ಬೇಡ. ಒಂದು ದಿನಕ್ಕಿಂತ ಹೆಚ್ಚು ಕಚ್ಚಿಕೊಂಡಿತ್ತು ಎನ್ನಿಸಿದರೆ 72 ಗಂಟೆಯೊಳಗೆ ವೈದ್ಯರನ್ನು ಕಾಣಿ.

ಇನ್ನು ಎಲೆ ಅಡಿಕೆಯವರಿಗೆ. ಬೆಟ್ಟ ದುಃಖಿಯಲ್ಲ, ನಾನೂ ಅಲ್ಲ. ಭಾನುವಾರ ನಾನೂ ಕ್ಯಾಮೆರಾ ಹಿಡಿದು ಹೋಗುತ್ತೇನೆ. ಆದರೆ ವಾರದ ದಿನಗಳಲ್ಲಿ ನನ್ನ ಮುಂದೆ ಕೂರುವ ಗಣಿಯವರ ಎಕ್ಸ್‌ರೇಯಲ್ಲಿ ಅದೇ ಸಿಲಿಕಾ ಕಾಣುತ್ತದೆ. ದಪ್ಪ ಕಲ್ಲಿದ್ದಲು ಪದರ ಮುಗಿದಿದೆ, ತೆಳು ಪದರಕ್ಕಾಗಿ ಸುತ್ತಲಿನ ಬಂಡೆಯನ್ನೂ ಕೊರೆಯುತ್ತಾರೆ. ನೈರುತ್ಯ ವರ್ಜೀನಿಯಾದ ಮೂರು ಕ್ಲಿನಿಕ್‌ಗಳಲ್ಲಿ 2013ರಿಂದ 2017ರ ನಡುವೆ 416 ಗಣಿ ಕಾರ್ಮಿಕರಿಗೆ ಗಣಿ ದೂಳಿನ ಈ ಶ್ವಾಸಕೋಶ ಕಾಯಿಲೆಯ ಅತಿ ತೀವ್ರ ರೂಪ ಇದ್ದುದು 2018ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸುರಂಗದ ಕಥೆ ಹೇಳಿದ್ದು ಅದಕ್ಕೆ. ನನಗೆ ಅದು ಹಳೆಯ ಕಥೆಯಲ್ಲ.

ಎಲೆ ಅಡಿಕೆ:
ಸರಿ ಡಾಕ್ಟರೇ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಗಣಿಯೂರು ನೋಡಲೇಬೇಕೆಂದರೆ ಒಂದನ್ನು ಹೇಳಿ, ಮೆಟ್ಟಿಲಿಲ್ಲದ್ದು. ಕೇಮೂರ್ ಗಣಿಯ 821 ಮೆಟ್ಟಿಲು ಇಳಿದು ಹತ್ತಿದವರ ವರದಿ ಓದಿದ್ದೇನೆ, ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲವಂತೆ.

ಕಲ್ಲಿದ್ದಲೂರಿನ ಡಾಕ್ಟರ್:
ನಟಲ್‌ಬರ್ಗ್. ಕಲ್ಲಿದ್ದಲನ್ನು ಬೆಟ್ಟದಿಂದ ನದಿ ದಂಡೆಗೆ ಇಳಿಸುತ್ತಿದ್ದ 1,385 ಅಡಿ ಉದ್ದದ ಸಾಗಣೆ ಸಾಲು ಇನ್ನೂ ನಿಂತಿದೆ. 1920ರ ದಶಕದಲ್ಲಿ ಹೆನ್ರಿ ಫೋರ್ಡ್ ತಮ್ಮ ಉಕ್ಕಿನ ಕಾರ್ಖಾನೆಗೆಂದು ಈ ಗಣಿಯನ್ನು ಗುತ್ತಿಗೆ ಹಿಡಿದಿದ್ದರು. ಕಪ್ಪು ಜನರಿಗೂ ಬಿಳಿಯರಿಗೂ ಬೇರೆ ಬೇರೆ ಶಾಲೆ, ಬೇರೆ ಬೇರೆ ಚರ್ಚು ಇದ್ದ ಊರು. ಈಗ ಅಡಿಪಾಯಗಳ ಮೇಲೆ ಮರ ಬೆಳೆದಿದೆ. ದೊಡ್ಡ ಕಾರು ತರಬೇಡಿ, ಇಳಿಯುವ ರಸ್ತೆ ಒಂದೇ ಗಾಡಿಯ ಅಗಲ. ಎದುರಿನಿಂದ ಬಂದರೆ ಯಾರಾದರೂ ಒಬ್ಬರು ಹಿಂದಕ್ಕೆ ಹೋಗಬೇಕು.

ತಾಳಗುಪ್ಪದ ರೈಲು:
ಹೀಗೆ ಮಾಡಿಕೊಂಡಿದ್ದೇವೆ: ಬುಧವಾರ, ಗುರುವಾರ ರಾತ್ರಿ ಡೇವಿಸ್. ಶುಕ್ರವಾರ ಸ್ಪ್ರೂಸ್ ನಾಬ್, ಗ್ರೀನ್ ಬ್ಯಾಂಕ್ ಮೂಲಕ ಫೆಯೆಟ್‌ವಿಲ್. ಅಕ್ಟೋಬರ್ ಮೂರನೆಯ ಶನಿವಾರ ಬೆಳಿಗ್ಗೆ ಲಾಂಗ್ ಪಾಯಿಂಟ್, ಮಧ್ಯಾಹ್ನ ಹಾಕ್ಸ್ ನೆಸ್ಟ್, ಭಾನುವಾರ ಮನೆಗೆ. ಐದು ದಿನವಾಯಿತು, ಇನ್ನೊಂದು ರಜೆ ಹಾಕುತ್ತೇನೆ. ಸರಿಯಾಗಿದೆಯೇ?

ಮೂರುಕಾಲಿನ ಪಯಣಿಗ:
ಶನಿವಾರ ಬದಲಾಯಿಸಿ! ಅಕ್ಟೋಬರ್ ಮೂರನೆಯ ಶನಿವಾರ ಅಲ್ಲಿ ಬ್ರಿಜ್ ಡೇ ಹಬ್ಬ. ಸೇತುವೆಯ ಮೇಲೆ ಗಾಡಿ ಬಿಡುವುದಿಲ್ಲ, ಅಂದು ಜನ ಪ್ಯಾರಾಶೂಟ್ ಕಟ್ಟಿಕೊಂಡು ಅದರಿಂದ ಧುಮುಕುತ್ತಾರೆ. ಫೆಯೆಟ್‌ವಿಲ್‌ನಲ್ಲಿ ಕೊಠಡಿಯೂ ಸಿಗುವುದಿಲ್ಲ, ಕಾರು ನಿಲ್ಲಿಸಲು ಜಾಗವೂ ಸಿಗುವುದಿಲ್ಲ. ಜನಜಂಗುಳಿ ಬೇಡ ಎಂದವರು ನೀವೇ.

ತಾಳಗುಪ್ಪದ ರೈಲು:
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಹಾಗಾದರೆ ಎಲ್ಲವನ್ನೂ ತಿರುಗಿಸುತ್ತೇವೆ: ಭಾನುವಾರ ಮಧ್ಯಾಹ್ನ ಹೊರಟು ಮೊದಲು ಫೆಯೆಟ್‌ವಿಲ್, ಬುಧವಾರ ಗ್ರೀನ್ ಬ್ಯಾಂಕ್, ಕೊನೆಗೆ ಡೇವಿಸ್. ದೂರದರ್ಶಕದ ಪ್ರವಾಸ ವಾರದ ಯಾವ ದಿನಗಳಲ್ಲಿ ಇರುತ್ತದೆ ಎಂದು ನಾಳೆ ಫೋನ್ ಮಾಡಿ ಕೇಳುತ್ತೇನೆ. ಅಪ್ಪ ಇನ್ನೊಂದು ರೀಲು ತರಿಸು ಎಂದಿದ್ದಾರೆ.